ಸರ್ಕಾರಿ ಆಸ್ಪತ್ರೆಯ ಸುಸ್ಥಿರತೆ ಅಳೆಯುವಾಗ ಅಲ್ಲಿ ಕೆಲಸ ಮಾಡುವವರನ್ನು ಯಾಕೆ ಕೇಳಬೇಕು?

ಒಂದು ತಾಲ್ಲೂಕು ಆಸ್ಪತ್ರೆ ಅಂದುಕೊಳ್ಳಿ. ಅಲ್ಲಿ ದಿನಾ ಕಸದ ತೂಕ ಬರೆದಿಡುತ್ತಾರೆ. ಹಳದಿ ಚೀಲ ಇಷ್ಟು ಕಿಲೋ, ಕೆಂಪು ಚೀಲ ಇಷ್ಟು ಕಿಲೋ. ಎರಡು ತಿಂಗಳಿಂದ ಹಳದಿಯ ತೂಕ ಏರುತ್ತಿದೆ, ಕೆಂಪಿನದು ಇಳಿಯುತ್ತಿದೆ. ಪುಸ್ತಕ ನೋಡಿದ ಅಧಿಕಾರಿ "ಸಿಬ್ಬಂದಿಗೆ ಕಸ ಬೇರ್ಪಡಿಸಲು ಬರುವುದಿಲ್ಲ, ತರಬೇತಿ ಕೊಡಿ" ಅಂತ ಬರೆದು ಹೋಗುತ್ತಾರೆ. ರಾತ್ರಿ ಪಾಳಿಯ ನರ್ಸನ್ನು ಕೇಳಿದರೆ ಬೇರೆಯೇ ಉತ್ತರ ಸಿಗಬಹುದು. ತಿಂಗಳ ಕೊನೆಯ ವಾರಕ್ಕೆ ಕೆಂಪು ಚೀಲದ ಸ್ಟಾಕ್ ಮುಗಿಯುತ್ತದೆ. ಇಂಡೆಂಟ್ (ಸಾಮಾನು ಬೇಕು ಅಂತ ಬರೆದು ಕಳಿಸುವ ಬೇಡಿಕೆ) ಹಾಕಿದರೂ ಹೊಸದು ಬರುವುದು ಮುಂದಿನ ತಿಂಗಳು. ಅಲ್ಲಿವರೆಗೆ ಡ್ರಿಪ್ ಪೈಪು, ಗ್ಲೌಸು ಎಲ್ಲವೂ ಹಳದಿ ಚೀಲಕ್ಕೇ.

ಇಬ್ಬರೂ ನೋಡುತ್ತಿರುವುದು ಒಂದೇ ಅಂಕಿಯನ್ನು. ಆದರೆ ಒಬ್ಬರ ಮಾತು ಕೇಳಿದರೆ ತರಬೇತಿಗೆ ದುಡ್ಡು ಖರ್ಚಾಗುತ್ತದೆ, ಸಮಸ್ಯೆ ಹಾಗೇ ಉಳಿಯುತ್ತದೆ. ಇನ್ನೊಬ್ಬರ ಮಾತು ಕೇಳಿದರೆ ಸ್ಟೋರಿನಲ್ಲಿ ಹದಿನೈದು ದಿನ ಮೊದಲೇ ಇಂಡೆಂಟ್ ಹಾಕಿದರೆ ಸಾಕು.

ಇದು ಚಿಕ್ಕ ವಿಷಯವೂ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಕಸಕ್ಕೆ ನಾಲ್ಕು ಬಣ್ಣಗಳಿವೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು, ದೇಹದ ಭಾಗಗಳು ಹಳದಿಗೆ. ಅದು ಹೆಚ್ಚಾಗಿ ಸುಡುವ ಘಟಕಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಪೈಪು, ಡ್ರಿಪ್ ಬಾಟಲಿ, ಗ್ಲೌಸು ಕೆಂಪಿಗೆ. ಅದನ್ನು ಆವಿಯಲ್ಲಿ ಕ್ರಿಮಿಮುಕ್ತ ಮಾಡಿ, ಚೂರು ಮಾಡಿ, ಮರುಬಳಕೆಗೆ ಕಳಿಸಬಹುದು. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಕೆಂಪಿಗೆ ಹೋಗಬೇಕಾದ್ದು ಹಳದಿಗೆ ಹೋದರೆ ಮರುಬಳಕೆ ಆಗಬಹುದಾದ ಪ್ಲಾಸ್ಟಿಕ್ ಬೆಂಕಿಗೆ ಹೋಗುತ್ತದೆ. ಅದರ ಹೊಗೆ ಪಕ್ಕದ ಊರಿನ ಗಾಳಿಗೆ ಸೇರುತ್ತದೆ. ಒಂದು ಚೀಲ ಸಮಯಕ್ಕೆ ಬರದಿದ್ದುದರ ಪರಿಣಾಮ ಅಷ್ಟು ದೂರ ಹೋಗುತ್ತದೆ.

ಸಾರ್ವಜನಿಕ ಸಂಸ್ಥೆಗಳ ಸುಸ್ಥಿರತೆಯನ್ನು ಅಳೆಯುವಾಗ ಅಲ್ಲಿನ ಕೆಲಸಗಾರರನ್ನು ಸೇರಿಸಿಕೊಳ್ಳಬೇಕು ಅಂತ ಹೇಳುವುದು ಇದಕ್ಕೇ. ಹಾಗಂದರೆ ಏನು, ಈಗ ಎಷ್ಟು ನಡೆಯುತ್ತಿದೆ, ಎಲ್ಲಿ ನಿಂತುಹೋಗುತ್ತಿದೆ ಅಂತ ಬಿಡಿಸಿ ನೋಡೋಣ.

ಏನನ್ನು ಅಳೆಯುತ್ತೇವೆ?

ಸುಸ್ಥಿರತೆ ಅಂದ ತಕ್ಷಣ ನಮಗೆ ಗಿಡ ನೆಡುವುದು, ಸೋಲಾರ್ ಪ್ಯಾನೆಲ್ ನೆನಪಾಗುತ್ತವೆ. ಅದು ವಿಷಯದ ಒಂದು ಭಾಗ ಮಾತ್ರ. ಒಂದು ಸಂಸ್ಥೆ ಇವತ್ತು ಕೊಡುವ ಸೇವೆಯನ್ನು ನಾಳೆಯೂ ಕೊಡುತ್ತಾ ಹೋಗಬೇಕು. ಹಾಗೆ ಮಾಡುವಾಗ ನೀರು, ಗಾಳಿ, ನೆಲ ಹಾಳಾಗಬಾರದು. ಕೆಲಸ ಮಾಡುವವರ ಮೈ ಮನಸ್ಸು ಸವೆದು ಹೋಗಬಾರದು. ಹಣವೂ ಪೋಲಾಗಬಾರದು. ಪರಿಸರ, ಜನ, ಹಣ, ಈ ಮೂರರ ಲೆಕ್ಕವನ್ನೂ ಒಟ್ಟಿಗೆ ನೋಡಬೇಕು.

ಖಾಸಗಿ ಕಂಪನಿಗಳಿಗೆ ಇದಕ್ಕೊಂದು ಚೌಕಟ್ಟು ಬಂದಿದೆ. ಷೇರುಪೇಟೆಯಲ್ಲಿರುವ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ ಸುಸ್ಥಿರತೆಯ ವರದಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಬೆಂಗಳೂರಿನ ಬಿಇಎಲ್, ಎಚ್‌ಎಎಲ್‌ನಂಥ ಸರ್ಕಾರಿ ಕಂಪನಿಗಳೂ ಷೇರುಪೇಟೆಯಲ್ಲಿ ಇರುವುದರಿಂದ ಇದರೊಳಗೆ ಬರುತ್ತವೆ. ತಾಲ್ಲೂಕು ಆಸ್ಪತ್ರೆ, ಬಸ್ ಡಿಪೋ, ಪುರಸಭೆ ಷೇರುಪೇಟೆಯಲ್ಲಿಲ್ಲ. ಅವುಗಳ ಲೆಕ್ಕ ಚೂರುಚೂರಾಗಿ ಹರಡಿಕೊಂಡಿದೆ. ಕಸದ ಲೆಕ್ಕ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಕರೆಂಟ್ ಬಿಲ್ ಲೆಕ್ಕಪತ್ರ ವಿಭಾಗಕ್ಕೆ. ಸಿಬ್ಬಂದಿಯ ರಜೆ, ಪಾಳಿ ಆಡಳಿತ ವಿಭಾಗಕ್ಕೆ. ಇದೆಲ್ಲ ಒಟ್ಟಿಗೆ ಕಾಣುವುದು ಒಂದೇ ಕಡೆ, ಅಲ್ಲಿ ದಿನಾ ಕೆಲಸ ಮಾಡುವವರ ಕಣ್ಣಿಗೆ. ಮೇಲಿನ ಟ್ಯಾಂಕ್ ತುಂಬಿ ಎಷ್ಟು ಹೊತ್ತು ಸುಮ್ನೆ ಹರಿಯುತ್ತದೆ ಅನ್ನುವುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಪಂಪ್ ಹಾಕುವವರಿಗೆ ಗೊತ್ತಿರುತ್ತದೆ.

ಕಾಯಕಲ್ಪದಲ್ಲಿ ಸಿಬ್ಬಂದಿಯ ಪಾತ್ರ

ನಮ್ಮಲ್ಲಿ ಕೆಲಸಗಾರರನ್ನು ಅಳತೆಯೊಳಗೆ ತಂದ ಒಂದು ಒಳ್ಳೆಯ ಉದಾಹರಣೆ ಇದೆ. 2015ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಶುರುಮಾಡಿದ ಕಾಯಕಲ್ಪ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ, ಕಸ ವಿಲೇವಾರಿ, ಸೋಂಕು ತಡೆ, ಕಟ್ಟಡದ ನಿರ್ವಹಣೆ ಇಂಥವಕ್ಕೆ ಅಂಕ ಕೊಡುವ ಕಾರ್ಯಕ್ರಮ ಇದು. ಮೊದಲು ಜಿಲ್ಲಾ ಆಸ್ಪತ್ರೆಗಳಿಗಿತ್ತು. ಆಮೇಲೆ ಸಮುದಾಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಬಂತು. ಬಹಳ ಜನ ಇದನ್ನು ಬರೀ ಪ್ರಶಸ್ತಿ ಅಂದುಕೊಂಡಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದರ ಅಂಕ ಹಾಕುವ ರೀತಿ.

ಮೊದಲು ಆಸ್ಪತ್ರೆಯ ತಂಡವೇ ತನಗೆ ತಾನು ಅಂಕ ಹಾಕಿಕೊಳ್ಳಬೇಕು. ಇದು ಆಂತರಿಕ ಮೌಲ್ಯಮಾಪನ. ಪೂರ್ತಿ ಸರಿಯಿದ್ದರೆ 2, ಅರ್ಧಂಬರ್ಧ ಇದ್ದರೆ 1, ಇಲ್ಲದಿದ್ದರೆ 0. ನೂರಕ್ಕೆ 70 ದಾಟಿದರೆ ಬೇರೆ ಆಸ್ಪತ್ರೆಯ ಸಿಬ್ಬಂದಿ ಬಂದು ನೋಡುತ್ತಾರೆ. ಅವರೂ ಇದೇ ಕೆಲಸ ಮಾಡುವವರು. ಎಲ್ಲಿ ಮುಚ್ಚಿಡಬಹುದು, ಎಲ್ಲಿ ನಿಜವಾಗಿ ಕಷ್ಟ ಇದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅದರಲ್ಲೂ ಪಾಸಾದರೆ ಹೊರಗಿನ ಮೌಲ್ಯಮಾಪಕರು ಬರುತ್ತಾರೆ.

ಒಂದೊಂದು ಅಂಶವನ್ನು ಹೇಗೆ ಪರೀಕ್ಷಿಸಬೇಕು ಅಂತಲೂ ಬರೆದಿದೆ. ಕಣ್ಣಾರೆ ನೋಡುವುದು, ದಾಖಲೆ ತೆಗೆದು ನೋಡುವುದು, ರೋಗಿಯನ್ನು ಕೇಳುವುದು, ಸಿಬ್ಬಂದಿಯನ್ನು ಕೇಳುವುದು. ಈ ಕೊನೆಯದಕ್ಕೆ ಜಾಗ ಕೊಟ್ಟಿರುವುದು ಬಹಳ ಮುಖ್ಯ. ನೆಲ ಒರೆಸುವ ದ್ರಾವಣ ಎಷ್ಟು ನೀರಿಗೆ ಎಷ್ಟು ಹಾಕುತ್ತೀರಿ ಅಂತ ಆ ಕೆಲಸ ಮಾಡುವವರನ್ನೇ ಕೇಳಿದರೆ, ಗೋಡೆಗೆ ಅಂಟಿಸಿದ ಚಾರ್ಟ್ ಹೇಳದ ಸಂಗತಿ ಹೊರಗೆ ಬರುತ್ತದೆ. ಗೆದ್ದ ಹಣದಲ್ಲಿ ದೊಡ್ಡ ಪಾಲು ಆಸ್ಪತ್ರೆಯ ಕೊರತೆ ತುಂಬಲು ಹೋಗುತ್ತದೆ, ಒಂದು ಪಾಲು ಸಿಬ್ಬಂದಿಗೆ ಪ್ರೋತ್ಸಾಹಧನವಾಗಿ ಸಿಗುತ್ತದೆ. ಅಂದರೆ ಅಳತೆಯಿಂದ ಬಂದ ಲಾಭದಲ್ಲೂ ಅವರಿಗೆ ಭಾಗ ಇದೆ.

ಆದರೂ ಇಲ್ಲೊಂದು ಗಡಿ ಇದೆ. ಕೆಲಸಗಾರರು ಅಳತೆಯಲ್ಲಿ ಭಾಗವಹಿಸುವುದಕ್ಕೆ ಮೂರು ಮಟ್ಟಗಳಿವೆ. ಮೊದಲನೆಯದು ಮಾಹಿತಿ ಕೊಡುವುದು: ತೂಕ ಬರೆ, ಫಾರಂ ತುಂಬು. ಎರಡನೆಯದು ಆ ಮಾಹಿತಿ ಸರಿಯೋ ತಪ್ಪೋ ನೋಡುವುದು. ಈ ಅಂಕಿ ಯಾಕೆ ಹೀಗೆ ಬಂತು ಅಂತ ಅರ್ಥ ಹೇಳುವುದೂ ಇದರಲ್ಲೇ ಸೇರುತ್ತದೆ. ಮೂರನೆಯದು, ಏನನ್ನು ಅಳೆಯಬೇಕು ಅನ್ನುವುದನ್ನೇ ಕೂತು ತೀರ್ಮಾನಿಸುವುದು. ಹೆಚ್ಚಿನ ಸರ್ಕಾರಿ ಕಚೇರಿಗಳು ಮೊದಲ ಮಟ್ಟದಲ್ಲೇ ನಿಂತಿವೆ. ಕಾಯಕಲ್ಪ ಎರಡನೆಯದಕ್ಕೆ ಬಂದಿದೆ. ಪ್ರಶ್ನೆಗಳ ಪಟ್ಟಿ ಮಾತ್ರ ಮೇಲಿನಿಂದಲೇ ಬರುತ್ತದೆ. ದೇಶಕ್ಕೆಲ್ಲ ಒಂದೇ ಪಟ್ಟಿ ಇದ್ದರೆ ಆಸ್ಪತ್ರೆಗಳನ್ನು ಹೋಲಿಸಬಹುದು, ಅದು ಬೇಕು ಕೂಡ. ಆದರೆ ಆ ಪಟ್ಟಿಯ ಜೊತೆಗೆ "ನಮ್ಮ ಆಸ್ಪತ್ರೆಯಲ್ಲಿ ಈ ವರ್ಷ ನೋಡಲೇಬೇಕಾದ ಐದು ವಿಷಯ" ಅಂತ ಸಿಬ್ಬಂದಿಯೇ ಸೇರಿಸಲು ಯಾವ ಅಡ್ಡಿಯೂ ಇಲ್ಲ.

ಸೇರಿಸಿದರೆ ಏನೇನು ಬರಬಹುದು? ಮೈಗೆ ಸಂಬಂಧಿಸಿದ ವಿಷಯಗಳು ಮೊದಲು ಬರುತ್ತವೆ ಅನ್ನುವುದು ನನ್ನ ಅಂದಾಜು. 2016ರ ನಿಯಮಗಳಲ್ಲೇ ಬರೆದಿದೆ: ಆಸ್ಪತ್ರೆ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು. ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೆ ಒಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು. ಗ್ಲೌಸು, ಮಾಸ್ಕು, ಬೂಟು ಕೊಡಬೇಕು. ದಾಖಲೆಯಲ್ಲಿ "ಕೊಡಲಾಗಿದೆ" ಅಂತ ಟಿಕ್ ಇರುತ್ತದೆ. ಆ ಗ್ಲೌಸು ಕೈಗೆ ಸರಿಹೊಂದುತ್ತದೆಯೇ, ಸೂಜಿ ಚುಚ್ಚಿದರೆ ತಡೆಯುವಷ್ಟು ದಪ್ಪ ಇದೆಯೇ, ಹರಿದ ಮೇಲೆ ಎಷ್ಟು ದಿನಕ್ಕೆ ಹೊಸದು ಸಿಗುತ್ತದೆ, ಇವು ಟಿಕ್‌ನಲ್ಲಿ ಕಾಣುವುದಿಲ್ಲ. ಹಾಕಿಕೊಳ್ಳುವವರೇ ಹೇಳಬೇಕು.

ಅಂಕಿಗೆ ಹೆದರಿಕೆ ಅಂಟಿಕೊಂಡರೆ

ಈಗ ಬಸ್ ಡಿಪೋಗೆ ಬರೋಣ. ನಮ್ಮ ಸಾರಿಗೆ ನಿಗಮಗಳಲ್ಲಿ ಕೆಎಂಪಿಎಲ್ ಅನ್ನುವ ಮಾತು ಡ್ರೈವರ್, ಮೆಕ್ಯಾನಿಕ್, ಮ್ಯಾನೇಜರ್ ಎಲ್ಲರ ಬಾಯಲ್ಲೂ ಇರುತ್ತದೆ. ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಅನ್ನುವ ಲೆಕ್ಕ ಅದು. ಹಣದ ಲೆಕ್ಕಕ್ಕೆಂದು ಶುರುವಾದ ಈ ಅಂಕಿ ಈಗ ಪರಿಸರದ ಅಂಕಿಯೂ ಹೌದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ದಿನಕ್ಕೆ 300 ಕಿಲೋಮೀಟರ್ ಓಡುವ ಬಸ್ಸು ಲೀಟರ್‌ಗೆ 4.5 ಕಿಲೋಮೀಟರ್ ಕೊಟ್ಟರೆ ಸುಮಾರು 67 ಲೀಟರ್ ಬೇಕು. 5 ಕೊಟ್ಟರೆ 60 ಸಾಕು. ಒಂದೇ ಬಸ್ಸಿನಲ್ಲಿ ದಿನಕ್ಕೆ 18 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಡಿಪೋದಲ್ಲಿ ನೂರು ಬಸ್ಸು ಇದ್ದರೆ ದಿನಕ್ಕೆ 1.8 ಟನ್.

ಇಷ್ಟು ಉಪಯುಕ್ತವಾದ ಅಂಕಿಯನ್ನು ಡ್ರೈವರ್ ಒಬ್ಬರ ತಲೆಗೆ ಕಟ್ಟಿದರೆ ಏನಾಗುತ್ತದೆ? ಕೆಎಂಪಿಎಲ್ ಕಡಿಮೆಯಾಗಲು ಕಾರಣಗಳು ಬಹಳ ಇವೆ. ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಬ್ರೇಕ್ ಹಿಡಿದುಕೊಂಡೇ ಇರಬಹುದು. ಗಾಡಿ ಹಳೆಯದಿರಬಹುದು. ಘಾಟಿ ರಸ್ತೆ ಇರಬಹುದು, ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವ ರೂಟ್ ಇರಬಹುದು. ಜನ ಜಾಸ್ತಿ ಹತ್ತಿದ್ದೂ ಇರಬಹುದು. ಬಸ್ಸು ತುಂಬಿ ಹೋದರೆ ಡೀಸೆಲ್ ಸ್ವಲ್ಪ ಜಾಸ್ತಿ ಬೇಕು, ಆದರೆ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಪರಿಸರಕ್ಕೆ ಅದೇ ಒಳ್ಳೆಯದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ ಮೇಲೆ ಬಸ್ಸುಗಳು ಎಷ್ಟು ತುಂಬಿದವು ಅಂತ ನಾವೆಲ್ಲ ನೋಡಿದ್ದೇವೆ. ಬರೀ ಕೆಎಂಪಿಎಲ್ ನೋಡುವವರಿಗೆ ತುಂಬಿದ ಬಸ್ಸು ಕೆಟ್ಟ ಬಸ್ಸಾಗಿ ಕಾಣುತ್ತದೆ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಒಂದು ವಿಚಾರ ಹೇಳಿದರು. ಈಗ ಅದನ್ನು ಗುಡ್‌ಹಾರ್ಟ್ ನಿಯಮ ಅಂತಲೇ ಕರೆಯುತ್ತಾರೆ. ಸರಳವಾಗಿ ಹೇಳಿದರೆ, ಒಂದು ಅಂಕಿಯನ್ನು ಹಿಡಿದು ಜನರ ಮೇಲೆ ಒತ್ತಡ ಹಾಕಲು ಶುರುಮಾಡಿದರೆ ಆ ಅಂಕಿ ಸತ್ಯ ಹೇಳುವುದನ್ನು ಬಿಡುತ್ತದೆ. ಹೆದರಿದವರು ಅಂಕಿಯನ್ನು ಸರಿಮಾಡುತ್ತಾರೆ, ಕೆಲಸ ಹಾಗೇ ಇರುತ್ತದೆ. ತೂಕದ ಪುಸ್ತಕದಲ್ಲಿ ದಿನಾ ಒಂದೇ ಕಿಲೋ ಬರೆದಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಏರುಪೇರು ಕಂಡರೆ ಮೆಮೋ ಬರುತ್ತದೆ. ಹಾಗಿರುವಾಗ ನಿಜವಾದ ತೂಕ ಯಾಕೆ ಬರೆಯಬೇಕು?

ಆದ್ದರಿಂದ ನನಗೆ ಇಡೀ ವಿಷಯದಲ್ಲಿ ಗಟ್ಟಿಯಾಗಿ ಅನಿಸುವುದು ಇಷ್ಟು: ಕೆಳಗಿನ ಹಂತದಲ್ಲಿ ಅಂಕಿ ಬರೆಯುವವರಿಗೆ ನಿಜ ಬರೆದರೆ ತೊಂದರೆ ಇಲ್ಲ ಅನ್ನುವ ಧೈರ್ಯ ಇರಬೇಕು. ಅದಿಲ್ಲದಿದ್ದರೆ ಮೇಲೆ ಎಷ್ಟೇ ಚೆಂದದ ಡ್ಯಾಶ್‌ಬೋರ್ಡ್ ಮಾಡಿದರೂ ಅದರಲ್ಲಿ ಕಾಣುವುದು ಅವರ ಹೆದರಿಕೆಯೇ. ಡಿಪೋದಲ್ಲಿ ಡ್ರೈವರ್, ಮೆಕ್ಯಾನಿಕ್, ಟ್ರಾಫಿಕ್ ಸಿಬ್ಬಂದಿ ಮೂವರೂ ಕೂತು ಒಂದು ರೂಟಿನ ಕೆಎಂಪಿಎಲ್ ನೋಡಿದರೆ, "ತಪ್ಪು ಯಾರದು" ಅನ್ನುವ ಪ್ರಶ್ನೆ ಬದಲಾಗಿ "ಡೀಸೆಲ್ ಎಲ್ಲಿ ಸೋರುತ್ತಿದೆ" ಅನ್ನುವ ಪ್ರಶ್ನೆ ಬರುತ್ತದೆ. ಎರಡನೆಯ ಪ್ರಶ್ನೆಗೆ ಜನ ಮನಸ್ಸು ಬಿಚ್ಚಿ ಉತ್ತರ ಕೊಡುತ್ತಾರೆ.

ಸಿಬ್ಬಂದಿ ಅಂದರೆ ಯಾರು?

ಈ ಪ್ರಶ್ನೆಯನ್ನು ಹೆಚ್ಚಿನ ವರದಿಗಳು ದಾಟಿ ಹೋಗುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಚೀಲ ಹೊರುವವರು, ಬಾಗಿಲಲ್ಲಿ ಕೂರುವ ಸೆಕ್ಯುರಿಟಿಯವರು ಬಹಳ ಕಡೆ ಏಜೆನ್ಸಿಯವರು. ಬಿಎಂಟಿಸಿಯಲ್ಲಿ ಗುತ್ತಿಗೆ ಮೇಲೆ ಓಡುವ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕಂಡಕ್ಟರ್ ನಿಗಮದವರು, ಡ್ರೈವರ್ ಬಸ್ ಕಂಪನಿಯವರು. ಕಿಲೋಮೀಟರ್‌ಗೆ ಇಷ್ಟು ಅಂತ ನಿಗಮ ಕಂಪನಿಗೆ ದುಡ್ಡು ಕೊಡುತ್ತದೆ. ಹೊಗೆ ಉಗುಳದ ಬಸ್ಸು ಅಂತ ವರದಿಯ ಮುಖಪುಟದಲ್ಲಿ ಫೋಟೋ ಬರುವುದು ಇದರದೇ. ಅದನ್ನು ಓಡಿಸುವವರ ಪಾಳಿ ಎಷ್ಟು ಗಂಟೆ, ವಿಶ್ರಾಂತಿಗೆ ಜಾಗ ಇದೆಯೇ, ಅವರ ದೂರು ಯಾರ ಹತ್ತಿರ ಹೋಗುತ್ತದೆ ಅನ್ನುವುದು ನಿಗಮದ ಸಿಬ್ಬಂದಿ ಸಮೀಕ್ಷೆಯಲ್ಲಿ ಬರಬೇಕಾದರೆ, ಮೊದಲು ಅವರನ್ನು ಸಿಬ್ಬಂದಿ ಅಂತ ಎಣಿಸಬೇಕು.

ಪರಿಸರದ ಭಾರ ಜಾಸ್ತಿ ಹೊರುವವರು ಗುತ್ತಿಗೆಯವರು. ಕಸ, ಹೊಗೆ, ರಾಸಾಯನಿಕ, ರಾತ್ರಿ ಪಾಳಿ ಎಲ್ಲ ಅವರಿಗೆ ಹತ್ತಿರ. ಕೆಲಸ ಕಳೆದುಕೊಳ್ಳುವ ಭಯವೂ ಅವರಿಗೇ ಜಾಸ್ತಿ. ಹಾಗಾಗಿ ಅವರನ್ನು ಸಭೆಗೆ ಕರೆದು ಕೂರಿಸಿದರಷ್ಟೇ ಸಾಲದು. ಡಾಕ್ಟರು, ಸೂಪರಿಂಟೆಂಡೆಂಟ್, ಏಜೆನ್ಸಿಯ ಸೂಪರ್‌ವೈಸರ್ ಎಲ್ಲ ಎದುರಿಗೆ ಕೂತಿರುವಾಗ ಗುತ್ತಿಗೆ ಹೆಣ್ಣುಮಗಳೊಬ್ಬಳು "ಗ್ಲೌಸು ಕೊಟ್ಟಿಲ್ಲ ಸರ್" ಅನ್ನಲಾರಳು. ಅವರ ಗುಂಪನ್ನು ಬೇರೆಯಾಗಿ ಕೂರಿಸಬೇಕು. ಕೇಳುವವರು ಬೇರೆ ಆಸ್ಪತ್ರೆಯವರಾಗಿರಬೇಕು. ಹೆಸರು ಬರೆದುಕೊಳ್ಳಬಾರದು. ಯಾವ ವಾರ್ಡು, ಯಾವ ಪಾಳಿ ಅಂತ ಬರೆದರೂ ಅಲ್ಲಿ ಒಬ್ಬರೇ ಇದ್ದರೆ ಗುರುತು ಸಿಕ್ಕಿಬಿಡುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಯುರೋಪಿನವರು ಬರೆದಿಟ್ಟದ್ದು

ಯುರೋಪ್ ಒಕ್ಕೂಟದಲ್ಲಿ ಇಎಂಎಎಸ್ ಅನ್ನುವ ಪರಿಸರ ನಿರ್ವಹಣಾ ವ್ಯವಸ್ಥೆ 1993ರಿಂದ ಇದೆ. ಮೊದಲು ಕಾರ್ಖಾನೆಗಳಿಗೆ ಮಾತ್ರ ಇತ್ತು. 2001ರಲ್ಲಿ ಅದನ್ನು ಎಲ್ಲ ಬಗೆಯ ಸಂಸ್ಥೆಗಳಿಗೂ ತೆರೆದರು, ಸರ್ಕಾರಿ ಕಚೇರಿಗಳೂ ಅದರಲ್ಲಿ ಸೇರಿದವು. ಸೇರುವುದು ಬಿಡುವುದು ಅವರವರ ಇಷ್ಟ. ಆದರೆ ಸೇರಿದ ಮೇಲೆ ಕೆಲಸಗಾರರನ್ನು ಒಳಗೊಳ್ಳುವುದು ಕಡ್ಡಾಯ. 2009ರ ನಿಯಮಾವಳಿಯಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ: ಮೊದಲ ಪರಿಸರ ಪರಿಶೀಲನೆಯಲ್ಲಿ, ಮಾಹಿತಿ ಕೂಡಿಸಿ ಸರಿನೋಡುವಾಗ, ವ್ಯವಸ್ಥೆ ಕಟ್ಟುವಾಗ, ಕೊನೆಗೆ ಜನರ ಮುಂದಿಡುವ ವರದಿ ಸಿದ್ಧಮಾಡುವಾಗಲೂ ಕೆಲಸಗಾರರು ಇರಬೇಕು. ಸಲಹೆ ಪುಸ್ತಕ, ಗುಂಪು ಕೆಲಸ, ಪರಿಸರ ಸಮಿತಿ ಇವು ದಾರಿಗಳು. ಕೆಲಸಗಾರರು ಕೇಳಿಕೊಂಡರೆ ಅವರ ಪ್ರತಿನಿಧಿಗಳನ್ನೂ ಸೇರಿಸಿಕೊಳ್ಳಬೇಕು.

ನಮ್ಮಲ್ಲಿ ಇದಕ್ಕೆ ಹತ್ತಿರದ ಜಾಗ ಈಗಾಗಲೇ ಇದೆ. 2016ರ ನಿಯಮಗಳ ಪ್ರಕಾರ ದೊಡ್ಡ ಆಸ್ಪತ್ರೆಗಳಲ್ಲಿ ಜೈವಿಕ ತ್ಯಾಜ್ಯದ ಸಮಿತಿ ಇರಬೇಕು. ಅದು ಆರು ತಿಂಗಳಿಗೊಮ್ಮೆ ಸೇರಬೇಕು. ಸಭೆಯ ನಡಾವಳಿ ವಾರ್ಷಿಕ ವರದಿಯ ಜೊತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಆ ವರದಿಗೆ ಜೂನ್ 30 ಕೊನೆಯ ದಿನ. ಹೊಸ ಸಮಿತಿ, ಹೊಸ ಆದೇಶ ಯಾವುದೂ ಬೇಕಾಗಿಲ್ಲ. ಇದೇ ಸಮಿತಿಯಲ್ಲಿ ಚೀಲ ಹೊರುವ ಇಬ್ಬರಿಗೆ ಕುರ್ಚಿ ಕೊಡಬಹುದು, ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಬಹುದು.

ಮಾಡುವಾಗ ಎಡವುವ ಕಡೆಗಳು

ಸಿಬ್ಬಂದಿ ಹೇಳಿದ್ದೆಲ್ಲ ನಿಜ ಅಂತ ಒಪ್ಪಿಕೊಳ್ಳಬೇಕಾಗಿಲ್ಲ. ತಮ್ಮ ತಪ್ಪು ಮುಚ್ಚುವುದು, ಪಕ್ಕದ ವಿಭಾಗದ ಮೇಲೆ ಹಾಕುವುದು ಎಲ್ಲ ಕಡೆ ಇದ್ದದ್ದೇ. ಅದಕ್ಕೇ ಕಾಯಕಲ್ಪದ ಮೂರು ಹಂತ ಚೆನ್ನಾಗಿದೆ. ರೋಗಿಗಳ ಮಾತೂ ಅದರಲ್ಲಿ ಸೇರುತ್ತದೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಕಾಣುತ್ತದೆ.

ಇನ್ನೊಂದು, ಸಮಯ. ನರ್ಸುಗಳು ಈಗಲೇ ರಿಜಿಸ್ಟರ್ ತುಂಬಿ ಸುಸ್ತಾಗಿದ್ದಾರೆ. ಅವರ ಮುಂದೆ ಸುಸ್ಥಿರತೆ ಅಂತ ಇನ್ನೊಂದು ಪುಸ್ತಕ ಇಟ್ಟರೆ ಅದು ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ತುಂಬುತ್ತದೆ. ಒಂದು ಹೊಸ ಅಳತೆ ತರುವಾಗ ಒಂದು ಹಳೆಯದನ್ನು ತೆಗೆಯಬೇಕು. ಯಾವುದನ್ನು ತೆಗೆಯಬಹುದು ಅಂತಲೂ ಅವರನ್ನೇ ಕೇಳಬೇಕು. ಯಾರೂ ತಿರುಗಿ ನೋಡದ ಕಾಲಂ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಮಾತುಕತೆ ಡ್ಯೂಟಿ ಹೊತ್ತಿನಲ್ಲೇ ನಡೆಯಬೇಕು, ಪಾಳಿ ಮುಗಿದ ಮೇಲೆ ಕೂರಿಸಬಾರದು. ಕನ್ನಡದಲ್ಲೇ ನಡೆಯಬೇಕು. ಬೇರೆ ಮಾತಿನವರು ಇದ್ದರೆ ಅವರ ಮಾತಿನಲ್ಲಿ. ಓದು ಬರಹ ಕಡಿಮೆ ಇರುವವರಿಗೆ ಫಾರಂ ಕೊಡುವುದಕ್ಕಿಂತ ಅವರ ಜೊತೆ ಆಸ್ಪತ್ರೆಯನ್ನು ಒಂದು ಸುತ್ತು ಹಾಕುವುದು ಒಳ್ಳೆಯದು. ಅವರು ಕೈ ತೋರಿಸಿ ಹೇಳುತ್ತಾರೆ, ಜೊತೆಗಿರುವವರು ಬರೆದುಕೊಳ್ಳಲಿ.

ಇವೆಲ್ಲದಕ್ಕಿಂತ ದೊಡ್ಡದು, ಕೇಳಿದ ಮೇಲೆ ಉತ್ತರ ಕೊಡುವುದು. ಒಂದು ಸಲ ಕೇಳಿ, ಆಮೇಲೆ ಸುದ್ದಿಯೇ ಇಲ್ಲದಿದ್ದರೆ ಎರಡನೇ ಸಲ ಯಾರೂ ಬಾಯಿ ಬಿಡುವುದಿಲ್ಲ. ಬಂದ ಎಲ್ಲ ಬೇಡಿಕೆಯನ್ನೂ ಈಡೇರಿಸಲು ಆಗುವುದಿಲ್ಲ, ಅದು ಸಿಬ್ಬಂದಿಗೂ ಗೊತ್ತು. ಸಣ್ಣಪುಟ್ಟ ಖರ್ಚಿಗೆ ಆರೋಗ್ಯ ರಕ್ಷಾ ಸಮಿತಿಯ ಹಣ ಇದೆ, ದೊಡ್ಡದಕ್ಕೆ ಜಿಲ್ಲೆಗೆ ಬರೆಯಬೇಕಾಗುತ್ತದೆ. ಆದರೆ ಆಗುತ್ತದೋ ಇಲ್ಲವೋ, ಇಲ್ಲದಿದ್ದರೆ ಯಾಕೆ, ಯಾವ ತಾರೀಖಿನೊಳಗೆ ಅಂತ ಹೇಳುವುದಕ್ಕೆ ದುಡ್ಡು ಬೇಕಿಲ್ಲ. ವಾರ್ಡಿನ ನೋಟಿಸ್ ಬೋರ್ಡಿನಲ್ಲಿ ಮೂರು ಕಾಲಂನ ಒಂದು ಹಾಳೆ ಸಾಕು: ಏನು ಹೇಳಿದರು, ಏನು ತೀರ್ಮಾನವಾಯಿತು, ಯಾರು ಯಾವಾಗ ಮಾಡುತ್ತಾರೆ. "ಕೆಂಪು ಚೀಲ ತಿಂಗಳ ಕೊನೆಗೆ ಸಾಲುತ್ತಿಲ್ಲ" ಅಂತ ಮೊದಲ ಕಾಲಂನಲ್ಲಿದ್ದರೆ, ಎರಡನೆಯದರಲ್ಲಿ "ಇಂಡೆಂಟ್ ತಿಂಗಳ 10ಕ್ಕೇ ಹಾಕುವುದು", ಮೂರನೆಯದರಲ್ಲಿ ಸ್ಟೋರ್ ನೋಡಿಕೊಳ್ಳುವ ಫಾರ್ಮಸಿ ಅಧಿಕಾರಿಯ ಜವಾಬ್ದಾರಿ. ಮುಂದಿನ ಆರು ತಿಂಗಳ ಸಭೆಯಲ್ಲಿ ಮೊದಲು ಓದಬೇಕಾದ್ದು ಇದೇ ಹಾಳೆಯನ್ನು. ಓದಬೇಕಾದವರು ಅದರಲ್ಲಿ ಮೊದಲ ಕಾಲಂ ಬರೆಸಿದವರು.